ಗ್ಯಾಸ್ಟ್ರಿಕ್ಕು, ಸೋಡಾ ಮತ್ತು ಆ 360 ನಿಮಿಷ

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದಿದ್ದ ವಿಷಯ ಇದು. ಈಗೀಗ ಯಾವ ಪೇಪರ್ ತೆಗೆದರೂ, ಯಾವ ಚಾನೆಲ್ ಹಾಕಿದರೂ ವೈದ್ಯಕೀಯ ಕ್ಷೇತ್ರದಲ್ಲಿ ಕ್ರಾಂತಿಯೋ ಕ್ರಾಂತಿ. ರೋಬಾಟ್ ಆಪರೇಷನ್ ಮಾಡುತ್ತಂತೆ, ಕೃತಕ ಬುದ್ಧಿಮತ್ತೆ ಎಕ್ಸ್-ರೇ ಓದುತ್ತಂತೆ, ಕೈಗಡಿಯಾರ ಇಸಿಜಿ ತೆಗೆಯುತ್ತಂತೆ. ಎಲ್ಲವೂ ನಿಜವೇ. ನಾನೇನು ಯಂತ್ರ ದ್ವೇಷಿ ಅಲ್ಲ, ಹೊಸ ಗ್ಯಾಜೆಟ್ ಬಂದರೆ ಮೊದಲು ಮುಟ್ಟಿ ನೋಡೋ ಜಾತಿ :-) ಆದರೆ ಈ ಕ್ರಾಂತಿಗಳ ಪಟ್ಟಿ ಓದುವಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತೆ. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡ ಒಬ್ಬ ಮನುಷ್ಯನಿಗೆ, ಅವನು ಇರೋ ಊರಿನಲ್ಲಿ, ಇದರಿಂದ ಎಷ್ಟು ನಿಮಿಷ ಉಳಿಯುತ್ತೆ?

ನಿಮಿಷದ ಲೆಕ್ಕ ಯಾಕೆ ಅಂದರೆ, ಹೃದಯಾಘಾತದಲ್ಲಿ ಬೇರೆ ಲೆಕ್ಕವೇ ಇಲ್ಲ. ಹೃದಯಕ್ಕೆ ರಕ್ತ ಕೊಡೋ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದರ ಆಚೆಗಿನ ಸ್ನಾಯು ಸಾಯಲು ಶುರುವಾಗುತ್ತೆ. ಒಮ್ಮೆ ಸತ್ತ ಸ್ನಾಯು ವಾಪಸ್ ಬರಲ್ಲ. ಆ ಹೆಪ್ಪನ್ನು ಕರಗಿಸೋ ಔಷಧಿ ಕೊಟ್ಟರೆ ಎಷ್ಟು ಜೀವ ಉಳಿಯುತ್ತೆ ಅನ್ನೋದನ್ನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ನೋವು ಶುರುವಾದ ಮೊದಲ ಗಂಟೆಯೊಳಗೆ ಕೊಟ್ಟರೆ ಸಾವಿರ ಜನರಲ್ಲಿ ಹೆಚ್ಚುವರಿಯಾಗಿ 65 ಜೀವ ಉಳಿಯುತ್ತೆ. ಎರಡನೇ ಗಂಟೆಯಲ್ಲಿ ಕೊಟ್ಟರೆ 37. ಮೂರನೇ ಗಂಟೆಯಲ್ಲಿ 26. ಅದೇ ಔಷಧಿ, ಅದೇ ಡಾಕ್ಟರು, ಅದೇ ರೋಗಿ. ಗಡಿಯಾರದ ಮುಳ್ಳು ಒಂದು ಸುತ್ತು ತಿರುಗಿದ್ದಷ್ಟೇ ವ್ಯತ್ಯಾಸ.

ಈಗ ಇನ್ನೊಂದು ಲೆಕ್ಕ ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಅವರ ಜೊತೆಗಾರರು ದೇಶದ 89 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ದಾಖಲೆ ಕಲೆಹಾಕಿ 2008ರಲ್ಲಿ ಒಂದು ದೊಡ್ಡ ವರದಿ ಪ್ರಕಟಿಸಿದರು. ಕ್ರಿಯೇಟ್ ಅಂತ ಅದರ ಹೆಸರು. ನೋವು ಕಾಣಿಸಿಕೊಂಡಾಗಿನಿಂದ ಆಸ್ಪತ್ರೆಯ ಬಾಗಿಲು ಮುಟ್ಟೋದಕ್ಕೆ ಹಿಡಿದ ಕಾಲದ ಮಧ್ಯಾಂಕ 360 ನಿಮಿಷ! ಪೂರ್ತಿ ಆರು ಗಂಟೆ. ಆಸ್ಪತ್ರೆಗೆ ಬಂದ ಮೇಲೆ ಹೆಪ್ಪು ಕರಗಿಸೋ ಔಷಧಿ ಒಳಗೆ ಹೋಗೋದಕ್ಕೆ ಹಿಡಿದದ್ದು 50 ನಿಮಿಷ. ಆಂಬುಲೆನ್ಸಿನಲ್ಲಿ ಬಂದವರು ನೂರಕ್ಕೆ ಆರು ಜನರೂ ಇರಲಿಲ್ಲ.

ಇವು ಹಳೇ ಅಂಕಿಗಳು, ಒಪ್ಪುತ್ತೇನೆ. 2001ರಿಂದ 2005ರ ನಡುವೆ ಸಂಗ್ರಹಿಸಿದ್ದು. ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದೇ 2008ರ ನವೆಂಬರ್ 1ಕ್ಕೆ. ಆಮೇಲೆ ರಸ್ತೆ, ಫೋನು, ವಾಹನ ಎಲ್ಲ ಸುಧಾರಿಸಿವೆ. ಆದರೂ ಈ ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. 360 ಮತ್ತು 50. ನಾವು ಕ್ರಾಂತಿ ಅಂತ ಕುಣಿದಾಡೋ ಬಹುಪಾಲು ತಂತ್ರಜ್ಞಾನ ಈ ಕೊನೆಯ 50 ನಿಮಿಷದ ಒಳಗೆ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಗಾಜಿನ ಬಾಗಿಲ ಆಚೆ ಇದೆ. ಮನುಷ್ಯ ಸಾಯೋದು ಮಾತ್ರ ಮೊದಲ 360ರಲ್ಲಿ. ನಾನು ಹೇಳಬೇಕು ಅಂದುಕೊಂಡಿದ್ದು ಇಷ್ಟೇ. ಆರೋಗ್ಯದಲ್ಲಿ ಯಾವುದೇ ಹೊಸ ಯಂತ್ರ ಬಂದರೂ ಅದನ್ನ ಈ ಮೊದಲ ಹಾದಿಯಲ್ಲಿಟ್ಟು ತೂಗಬೇಕು. ಅಲ್ಲಿ ಕೆಲಸಕ್ಕೆ ಬಂದರೆ ಅದು ಕ್ರಾಂತಿ. ಇಲ್ಲದಿದ್ದರೆ ಒಳ್ಳೇ ಸಾಮಾನು, ಅಷ್ಟೇ.

ಆ ಆರು ಗಂಟೆ ಎಲ್ಲಿ ಹೋಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೊದಲ ಎರಡು ಗಂಟೆ ‘ಗ್ಯಾಸ್ಟ್ರಿಕ್’ಗೆ ಹೋಗುತ್ತೆ. ರಾತ್ರಿ ಊಟಕ್ಕೆ ಹಲಸಿನಹಣ್ಣು ತಿಂದಿದ್ದೆ, ವಾಯು ಆಗಿದೆ. ಒಂದು ಸೋಡಾ ತಂದುಕೊಡಿ. ಜೀರಿಗೆ ಕಷಾಯ ಮಾಡು. ಇಂಗು ಮಜ್ಜಿಗೆ ಕುಡಿದರೆ ಸರಿ ಹೋಗುತ್ತೆ. ಬೆನ್ನು ತಿಕ್ಕು. ಆಮೇಲೆ ‘ಇಷ್ಟು ಹೊತ್ತಿಗೆ ಯಾರನ್ನ ಎಬ್ಬಿಸೋದು, ಬೆಳಕು ಹರೀಲಿ’ ಅಂತ ಇನ್ನೊಂದೆರಡು ಗಂಟೆ. ಆಮೇಲೆ ಪಕ್ಕದ ಮನೆಯವರ ಓಮ್ನಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ಒಂದು ಆಂಟಾಸಿಡ್. ಅಲ್ಲಿ ಇಸಿಜಿ ಇಲ್ಲ. ಅಲ್ಲಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ‘ಜಯದೇವಕ್ಕೆ ಕರ್ಕೊಂಡು ಹೋಗಿಬಿಡಿ’.

ಹೆಂಗಸರಾದರೆ ಇನ್ನೂ ಕಷ್ಟ. ಮನೆಯವರು ಎಲ್ಲರೂ ಉಂಡು ಮಲಗಿದ ಮೇಲೆ ‘ಯಾಕೋ ಸುಸ್ತು, ಬೆನ್ನು ನೋವು, ವಾಂತಿ ಬಂದ ಹಾಗೆ’ ಅಂತಾರೆ. ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರೋರಲ್ಲಿ, ಸಿನಿಮಾದಲ್ಲಿ ತೋರಿಸೋ ಹಾಗೆ ಎದೆ ಹಿಡಿದುಕೊಂಡು ಬೀಳೋದು ಆಗಲೇಬೇಕು ಅಂತೇನಿಲ್ಲ. ಇನ್ನೂ ಒಂದು ವಿಚಿತ್ರ ಏನಂದ್ರೆ, ಹೃದಯದ ಕೆಳಭಾಗಕ್ಕೆ ಆಘಾತ ಆದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಬರಬಹುದು, ವಾಂತಿಯೂ ಆಗಬಹುದು. ಥೇಟ್ ಗ್ಯಾಸ್ಟ್ರಿಕ್ಕೇ! ಹಾಗಾಗಿ ಸೋಡಾ ಕುಡಿಸಿದೋರನ್ನ ಬೈದು ಪ್ರಯೋಜನ ಇಲ್ಲ. ಬರಿಗಣ್ಣಿಗೆ ಡಾಕ್ಟರಿಗೂ ಗೊತ್ತಾಗಲ್ಲ. ಅದನ್ನ ಬೇರೆ ಮಾಡಿ ತೋರಿಸೋದಕ್ಕೆ ಹತ್ತಿರದಲ್ಲಿ ಇಸಿಜಿ ಬೇಕು.

ಈ ಇಸಿಜಿಯ ಕಥೆಯೂ ಸ್ವಾರಸ್ಯವಾಗಿದೆ. ಹಾಲೆಂಡಿನ ಲೈಡನ್ ಊರಿನ ವಿಲ್ಲೆಮ್ ಐಂಥೋವನ್ ಎಂಬ ಪ್ರೊಫೆಸರ್ ಕಳೆದ ಶತಮಾನದ ಆರಂಭದಲ್ಲಿ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗ್ತಿತ್ತು. ಅದನ್ನ ನಡೆಸೋಕೆ ಐದು ಜನ ಬೇಕಿತ್ತು. ರೋಗಿ ಕೈಕಾಲುಗಳನ್ನ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಆಸ್ಪತ್ರೆಯೋ ಅವರ ಪ್ರಯೋಗಾಲಯದಿಂದ ಒಂದೂವರೆ ಕಿಲೋಮೀಟರ್ ದೂರ. ಯಂತ್ರವನ್ನ ಹೊತ್ತುಕೊಂಡು ಹೋಗೋಕಾಗಲ್ಲ, ರೋಗಿಗಳನ್ನ ಕರೆತರೋಕೂ ಆಗಲ್ಲ. ಏನು ಮಾಡಿದರು? 1905ರಲ್ಲಿ ಟೆಲಿಫೋನ್ ತಂತಿಯ ಮೂಲಕ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನ ತಮ್ಮ ಲ್ಯಾಬಿಗೆ ತರಿಸಿಕೊಂಡರು. ಟೆಲಿಕಾರ್ಡಿಯೋಗ್ರಾಂ ಅಂತ ಹೆಸರಿಟ್ಟರು. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಅಂದರೆ ಈವತ್ತು ನಾವು ‘ಟೆಲಿಮೆಡಿಸಿನ್’ ಅಂತ ಕರೆಯೋದಕ್ಕೆ ನೂರಿಪ್ಪತ್ತು ವರ್ಷ ವಯಸ್ಸಾಗಿದೆ! ಹೃದಯದ ಗೆರೆಯನ್ನ ದೂರಕ್ಕೆ ಕಳಿಸೋದು ಹೊಸದಲ್ಲ. ಈಗ ಹೊಸದಾಗಿರೋದು ಅದರ ಬೆಲೆ ಮತ್ತು ಗಾತ್ರ. 270 ಕಿಲೋ ಯಂತ್ರ ಈಗ ಒಂದು ಚೀಲದಲ್ಲಿ ಹಿಡಿಸುತ್ತೆ, ತಂತಿಯ ಬದಲು ಮೊಬೈಲ್ ಸಿಗ್ನಲ್ ಇದೆ.

ನಮ್ಮಲ್ಲೂ ಇದು ನಿನ್ನೆ ಮೊನ್ನೆಯದಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತ್ತು. ಆಗ ಅದಕ್ಕೆ ಛಾವಣಿ ಮೇಲೆ ದೊಡ್ಡ ಡಿಶ್ ಬೇಕಿತ್ತು, ಅದಕ್ಕೊಂದು ಕೋಣೆ ಬೇಕಿತ್ತು. 2018ರ ಹೊತ್ತಿಗೆ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅದೇ ಕೆಲಸಕ್ಕೆ ಯಾವ ಡಿಶ್ಶೂ ಇಲ್ಲದೆ ಇಳಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ, ಕ್ಲಿನಿಕ್ಕುಗಳಿಗೆ ಸಣ್ಣ ಇಸಿಜಿ ಯಂತ್ರ ಒದಗಿಸೋದು, ಅಲ್ಲಿನ ಡಾಕ್ಟರುಗಳನ್ನೂ ತಜ್ಞರನ್ನೂ ಒಂದು ವಾಟ್ಸ್ಆಪ್ ಗುಂಪಿಗೆ ಸೇರಿಸೋದು. ಹಳ್ಳಿಯ ಡಾಕ್ಟರು ಇಸಿಜಿ ತೆಗೆದು ಫೋಟೋ ಹಾಕಿದರೆ ಆ ಕಡೆಯಿಂದ ಉತ್ತರ ಬರುತ್ತೆ. ಮನೆ ಬಾಗಿಲಿಗೆ ಹೃದಯ ಚಿಕಿತ್ಸೆ ಅನ್ನೋ ಅರ್ಥದ ಹೆಸರು ಅದಕ್ಕೆ.

ಇದರಲ್ಲಿ ತಂತ್ರಜ್ಞಾನ ಎಷ್ಟಿದೆ ಹೇಳಿ? ಒಂದು ಸಾದಾ ಯಂತ್ರ, ನಾವು ಗುಡ್ ಮಾರ್ನಿಂಗ್ ಗುಲಾಬಿ ಹೂವು ಕಳಿಸೋಕೆ ಬಳಸೋ ಅದೇ ಆಪ್ :-) ಇಲ್ಲಿರೋ ಅಸಲಿ ವಸ್ತು ಯಂತ್ರ ಅಲ್ಲ, ಉತ್ತರ. ರಾತ್ರಿ ಎರಡು ಗಂಟೆಗೆ ಫೋನ್ ಟಿಂಗ್ ಅಂದಾಗ ಎದ್ದು ನೋಡಿ ‘ಇದು ಹಾರ್ಟ್ ಅಟ್ಯಾಕ್, ಈ ಮಾತ್ರೆ ಕೊಟ್ಟು ತಕ್ಷಣ ಕಳಿಸಿ’ ಅಂತ ಟೈಪ್ ಮಾಡೋ ಒಬ್ಬ ಮನುಷ್ಯ.

ಈ ಉತ್ತರ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೆಪ್ಪು ಕರಗಿಸೋ ಔಷಧಿ ಸಾಮಾನ್ಯದ್ದಲ್ಲ. ಅದು ಹೃದಯದ ಹೆಪ್ಪನ್ನ ಕರಗಿಸೋ ಹಾಗೇ ಬೇರೆಲ್ಲಾದರೂ ರಕ್ತ ಸೋರೋ ಹಾಗೂ ಮಾಡಬಹುದು. ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ, ಮೆದುಳಿನಲ್ಲಿ ರಕ್ತಸ್ರಾವ ಆಗೋ ಅಪಾಯ ಇದೆ. ಇತ್ತೀಚೆಗೆ ಸ್ಟ್ರೋಕ್ ಆದವರಿಗೆ, ದೊಡ್ಡ ಆಪರೇಷನ್ ಆದವರಿಗೆ ಕೊಡೋ ಹಾಗಿಲ್ಲ. ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡ್ತಿರೋ, ಎಂಬಿಬಿಎಸ್ ಮುಗಿಸಿ ಒಂದು ವರ್ಷ ಆಗಿರೋ ಹುಡುಗಿಯನ್ನ ಕಲ್ಪಿಸಿಕೊಳ್ಳಿ. ಎದುರಿಗೆ ಬೆವರುತ್ತಾ ಮಲಗಿರೋ ರೋಗಿ. ಹೊರಗೆ ಎರಡು ಗಾಡಿ ತುಂಬ ಬಂದಿರೋ ನೆಂಟರು. ಇಸಿಜಿಯಲ್ಲಿ ಗೆರೆ ಮೇಲೆದ್ದ ಹಾಗೆ ಕಾಣುತ್ತೆ, ಆದರೆ ಪೂರ್ತಿ ಖಾತ್ರಿ ಇಲ್ಲ. ಕೊಟ್ಟು ಏನಾದರೂ ಆದರೆ? ನಾಳೆ ಪೇಪರಿನಲ್ಲಿ ಹೆಸರು, ಆಸ್ಪತ್ರೆಯ ಕಿಟಕಿಗೆ ಕಲ್ಲು. ಕೊಡದೆ ‘ಮುಂದಕ್ಕೆ ಕರ್ಕೊಂಡು ಹೋಗಿ’ ಅಂದರೆ ಯಾರೂ ಏನೂ ಅನ್ನಲ್ಲ. ದಾರಿಯಲ್ಲಿ ಹೋದ ಜೀವಕ್ಕೆ ಯಾರೂ ಹೊಣೆ ಅಲ್ಲ. ಈ ಹೆದರಿಕೆಯನ್ನ ನಾನು ತಪ್ಪು ಅನ್ನಲಾರೆ. ನೀವಾಗಿದ್ದರೂ ನಾನಾಗಿದ್ದರೂ ಅದನ್ನೇ ಮಾಡ್ತಿದ್ವಿ.

ಈಗ ಅದೇ ಹುಡುಗಿಗೆ ಐದು ನಿಮಿಷದಲ್ಲಿ ಒಬ್ಬ ಹೃದ್ರೋಗ ತಜ್ಞರಿಂದ ‘ನೋಡಿದೆ, ಹೌದು, ಕೊಡಿ, ನಾನಿದ್ದೇನೆ’ ಅಂತ ಬಂತು ಅಂದುಕೊಳ್ಳಿ. ಇಸಿಜಿ ಕೆಳಗಿಂದ ಮೇಲಕ್ಕೆ ಹೋಯ್ತು, ಧೈರ್ಯ ಮೇಲಿಂದ ಕೆಳಕ್ಕೆ ಬಂತು. ನನ್ನ ಪ್ರಕಾರ ಡಿಜಿಟಲ್ ಆರೋಗ್ಯ ಅಂದರೆ ಇದು. ಮಾಹಿತಿ ಹೋಗೋದು ಅರ್ಧ ಕೆಲಸ. ಹೊಣೆ ವಾಪಸ್ ಬಂದಾಗ ಮಾತ್ರ ಅದು ಪೂರ್ತಿ.

ಸರ್ಕಾರಕ್ಕೂ ಇದು ಅರ್ಥವಾಗಿದೆ ಅನ್ನೋದು ಸಮಾಧಾನದ ವಿಷಯ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ಬರೀ 46ನೇ ವಯಸ್ಸಿಗೆ ಹೋದಾಗ ಇಡೀ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತ್ತು. ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ 2023ರ ಕೊನೆಗೆ ಘೋಷಣೆಯಾಗಿ ಮುಂದೆ ಜಾರಿಗೆ ಬಂತು. ಜಯದೇವದಂಥ ದೊಡ್ಡ ಆಸ್ಪತ್ರೆ ನಡುವೆ, ತಾಲ್ಲೂಕು ಮತ್ತು ಜಿಲ್ಲಾಸ್ಪತ್ರೆಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತ. ತಾಲ್ಲೂಕಿನಲ್ಲಿ ಇಸಿಜಿ ತೆಗೆದರೆ ಕಂಪ್ಯೂಟರ್ ಸಹಾಯದಿಂದ ಕೆಲವೇ ನಿಮಿಷದಲ್ಲಿ ಓದಿ ಉತ್ತರ. ಹೃದಯಾಘಾತ ಅಂತಾದರೆ ಟೆನೆಕ್ಟೆಪ್ಲೇಸ್ ಅನ್ನೋ, ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಹಳೇ ಸ್ಟ್ರೆಪ್ಟೋಕೈನೇಸನ್ನ ಅರ್ಧ ಗಂಟೆಯಿಂದ ಒಂದು ಗಂಟೆ ಹನಿ ಹನಿಯಾಗಿ ಕೊಡಬೇಕು. ಇದನ್ನ ಒಂದೇ ಸಲಕ್ಕೆ, ಕೆಲವು ಸೆಕೆಂಡುಗಳಲ್ಲಿ ಕೊಟ್ಟು ಮುಗಿಸಬಹುದು. ತಾಲ್ಲೂಕು ಆಸ್ಪತ್ರೆಯ ಮಟ್ಟಿಗೆ ನನ್ನ ಪ್ರಕಾರ ರೋಬಾಟಿಗಿಂತ ದೊಡ್ಡ ಕ್ರಾಂತಿ ಈ ಪುಟ್ಟ ಸೀಸೆ.

ಇದೆಲ್ಲ ನಿಜಕ್ಕೂ ಜೀವ ಉಳಿಸುತ್ತಾ ಅಂತ ಕೇಳೋರಿಗೆ ಪಕ್ಕದ ತಮಿಳುನಾಡಿನ ಉದಾಹರಣೆ ಇದೆ. ಅಲ್ಲಿ ಇದೇ ಥರದ ಜಾಲ ಕಟ್ಟಿ, ಕಟ್ಟೋ ಮೊದಲು ಮತ್ತು ಕಟ್ಟಿದ ನಂತರ ಬಂದ 2,420 ಹೃದಯಾಘಾತದ ರೋಗಿಗಳನ್ನ ಹೋಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗೆ ತೀರಿಕೊಂಡವರು ಮೊದಲು ನೂರಕ್ಕೆ 17.6, ಆಮೇಲೆ 14.2. ನೂರಕ್ಕೆ ಮೂರು ಚಿಲ್ಲರೆ ಅಂತ ಮೂಗು ಮುರೀಬೇಡಿ. ಆ ಮೂರು ಜನಕ್ಕೂ ಮನೆ ಇದೆ, ಮಕ್ಕಳಿವೆ. ಗಮನಿಸಬೇಕಾದ್ದು ಏನಂದ್ರೆ, ಅಲ್ಲಿ ಅವರು ಬರೀ ಯಂತ್ರ ಹಂಚಲಿಲ್ಲ. ಇಸಿಜಿ ಕಳಿಸೋ ಉಪಕರಣದ ಜೊತೆಗೆ ಆಂಬುಲೆನ್ಸ್, ಬಡವರಿಗೆ ಸರ್ಕಾರದ ವಿಮೆ, ಯಾರನ್ನ ಎಲ್ಲಿಗೆ ಯಾವಾಗ ಕಳಿಸಬೇಕು ಅನ್ನೋ ಒಪ್ಪಂದ ಇವೆಲ್ಲವನ್ನ ಒಟ್ಟಿಗೆ ಹೆಣೆದರು.

ಈಗ ಕೈಗಡಿಯಾರದ ವಿಷಯಕ್ಕೆ ಬರೋಣ. ಇದನ್ನ ಬಿಟ್ಟರೆ ನೀವು ಕೇಳೇ ಕೇಳ್ತೀರಿ ಅಂತ ಗೊತ್ತು :-)

ನಮ್ಮ ದೊಡ್ಡಮ್ಮನ ಮಗನೊಬ್ಬ ಇದ್ದಾನೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಐವತ್ತರ ಹತ್ತಿರ. ವಾರಕ್ಕೆ ಮೂರು ಸಲ ವಾಚಿನಲ್ಲಿ ಇಸಿಜಿ ತೆಗೆದುಕೊಂಡು ಮನೆಯ ಗ್ರೂಪಿಗೆ ಹಾಕ್ತಾನೆ. ‘ಫುಲ್ ನಾರ್ಮಲ್, ಹಾರ್ಟ್ ಗಟ್ಟಿ ಇದೆ’ ಅಂತ. ಅವನ ಬಿಪಿ ಎಷ್ಟು, ಸಕ್ಕರೆ ಎಷ್ಟು ಅಂತ ಕೇಳಿದರೆ ಎರಡು ವರ್ಷದಿಂದ ನೋಡಿಸಿಲ್ಲವಂತೆ!

ವಾಚನ್ನ ಹೀಗಳೆಯೋದು ನನ್ನ ಉದ್ದೇಶ ಅಲ್ಲ. 2018ರಲ್ಲಿ ಆಪಲ್ ಕಂಪನಿಯ ವಾಚಿಗೆ ಇಸಿಜಿ ಬಂತು. ಹೃದಯದ ಬಡಿತ ತಾಳ ತಪ್ಪೋ ಒಂದು ತೊಂದರೆ ಇದೆ, ಏಟ್ರಿಯಲ್ ಫಿಬ್ರಿಲೇಷನ್ ಅಂತ. ಅದರಿಂದ ಪಾರ್ಶ್ವವಾಯು ಬರೋ ಅಪಾಯ ಜಾಸ್ತಿ. ಅದನ್ನ ಹಿಡಿಯೋದರಲ್ಲಿ ಇಂಥ ವಾಚುಗಳು ಉಪಯೋಗಕ್ಕೆ ಬರುತ್ತವೆ. ಬಡಿತದ ತಾಳ ನೋಡಿ ಎಚ್ಚರಿಸೋ ಅದರ ವ್ಯವಸ್ಥೆಯ ಬಗ್ಗೆ ಅಮೆರಿಕದಲ್ಲಿ 4,19,297 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಚ್ಚರಿಕೆಯ ಸಂದೇಶ ಬಂದದ್ದು ನೂರಕ್ಕೆ ಅರ್ಧದಷ್ಟು ಜನಕ್ಕೆ. ಆ ಪೈಕಿ ಎದೆಗೆ ಪಟ್ಟಿ ಅಂಟಿಸಿಕೊಂಡು ಮತ್ತೆ ಪರೀಕ್ಷಿಸಿಕೊಂಡವರಲ್ಲಿ ಮೂರನೇ ಒಂದು ಭಾಗದವರಿಗೆ ಆ ತೊಂದರೆ ಕಂಡುಬಂತು.

ಆದರೆ ಹೃದಯಾಘಾತ ಬೇರೆ ಕಥೆ. ಆಸ್ಪತ್ರೆಯ ಇಸಿಜಿಯಲ್ಲಿ ಮೈಮೇಲೆ ಹತ್ತು ಕಡೆ ಅಂಟಿಸಿ ಹನ್ನೆರಡು ಕೋನದಿಂದ ಹೃದಯವನ್ನ ನೋಡ್ತಾರೆ. ವಾಚು ನೋಡೋದು ಒಂದೇ ಕೋನದಿಂದ, ಒಂದು ಕೈಯಿಂದ ಇನ್ನೊಂದು ಕೈಗೆ. ಮನೆಯ ಮುಂದಿನ ಕಿಟಕಿಯಿಂದ ಇಣುಕಿ ಹಿತ್ತಲಲ್ಲಿ ಕಳ್ಳ ಇಲ್ಲ ಅಂದ ಹಾಗೆ. ಆಗಲೇ ಹೇಳಿದೆನಲ್ಲ, ಗ್ಯಾಸ್ಟ್ರಿಕ್ ಅನ್ನೋ ಹಾಗೆ ಬರೋ, ಹೃದಯದ ಕೆಳಭಾಗದ ಆಘಾತ? ಅದು ನೇರವಾಗಿ ಕಾಣೋದು ಕಾಲಿನ ಕಡೆಯ ಕೋನಗಳಲ್ಲಿ. ಅಂದರೆ ಯಾವ ಆಘಾತವನ್ನ ನಾವು ವಾಯು ಅಂತ ಸುಮ್ಮನಾಗ್ತೀವೋ, ಅದೇ ಆಘಾತದಲ್ಲಿ ವಾಚೂ ‘ನಾರ್ಮಲ್’ ಅಂತ ತಲೆಯಾಡಿಸಬಹುದು! ತಾನು ಹೃದಯಾಘಾತವನ್ನ ಪರೀಕ್ಷಿಸಲ್ಲ ಅಂತ ಆಪಲ್ ಆಪ್ ತಾನೇ ಹೇಳುತ್ತೆ. ಓದೋರು ಯಾರು?

ಎದೆ ನೋವು ಬಂದಾಗ ವಾಚು ನೋಡಿ ಸಮಾಧಾನ ಪಟ್ಟುಕೊಂಡು ಇನ್ನೊಂದು ಗಂಟೆ ಮಲಗಿದರೆ, ಆ ಯಂತ್ರ 360 ನಿಮಿಷವನ್ನ 420 ಮಾಡಿದ ಹಾಗಾಯ್ತು. ಸೋಡಾಕ್ಕೂ ಅದಕ್ಕೂ ವ್ಯತ್ಯಾಸ ಬೆಲೆಯಲ್ಲಿ ಮಾತ್ರ.

ಹಾಗಂತ ಮನೆಯಲ್ಲಿ ಬಳಸೋ ಉಪಕರಣ ಎಲ್ಲವೂ ಹೀಗೇ ಅಂತಲ್ಲ. ಕೊರೋನಾ ಕಾಲ ನೆನಪಿಸಿಕೊಳ್ಳಿ. ಬೆರಳಿಗೆ ಸಿಕ್ಕಿಸೋ ಆ ಕ್ಲಿಪ್ಪು, ಪಲ್ಸ್ ಆಕ್ಸಿಮೀಟರು. ಜಪಾನಿನ ತಕುವೋ ಅವೋಯಗಿ ಎಂಬ ಎಂಜಿನಿಯರು 1970ರ ದಶಕದಲ್ಲಿ ಅದರ ತತ್ತ್ವ ಕಂಡುಹಿಡಿದವರು. ವಿಧಿ ನೋಡಿ, 2020ರ ಏಪ್ರಿಲ್‌ನಲ್ಲಿ, ಇಡೀ ಪ್ರಪಂಚ ಅವರ ಯಂತ್ರಕ್ಕೆ ಮುಗಿಬಿದ್ದಿದ್ದಾಗಲೇ ತೀರಿಕೊಂಡರು. ನಮ್ಮ ಆಶಾ ಕಾರ್ಯಕರ್ತೆಯರು ಅದನ್ನ ಚೀಲದಲ್ಲಿಟ್ಟುಕೊಂಡು ಬೀದಿ ಬೀದಿ ಸುತ್ತಿದರು. ಉಸಿರು ಕಟ್ಟೋ ಮೊದಲೇ ಆಮ್ಲಜನಕ ಕಡಿಮೆಯಾದದ್ದು ಗೊತ್ತಾಗ್ತಿತ್ತು. ಅಲ್ಲೂ ಕೆಲಸ ಮಾಡಿದ್ದು ಕ್ಲಿಪ್ಪೊಂದೇ ಅಲ್ಲ. ಸಂಖ್ಯೆ ನೋಡಿ ‘ಅಜ್ಜಿ, ಈಗಲೇ ಹೊರಡಿ’ ಅಂತ ಹಠ ಹಿಡಿದ ಆಶಾ. ಆ ಕ್ಲಿಪ್ಪೂ ಸಹ ಎಲ್ಲರಿಗೂ ಒಂದೇ ಸಮ ಸತ್ಯ ಹೇಳಲ್ಲ ಅಂತ 2020ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬಂದ ಅಧ್ಯಯನ ತೋರಿಸಿತು. ಕ್ಲಿಪ್ಪಿನಲ್ಲಿ 92ರಿಂದ 96 ತೋರಿಸಿದ್ದರೂ ರಕ್ತ ಪರೀಕ್ಷೆಯಲ್ಲಿ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6, ಕಪ್ಪು ಜನರಲ್ಲಿ 11.7. ಚರ್ಮದ ಬಣ್ಣ ಬೆಳಕನ್ನ ಅಡ್ಡಗಟ್ಟುತ್ತೆ. ಕಪ್ಪು, ಕಂದು ಬಣ್ಣದ ನಾವುಗಳು ತಲೆಯಲ್ಲಿಟ್ಟುಕೊಳ್ಳಬೇಕಾದ ವಿಷಯ ಇದು.

ಇಲ್ಲಿ ಒಬ್ಬರು ಎದ್ದು ‘ಸ್ವಾಮಿ, ಉತ್ತರ ಕೊಡೋಕೆ ಅಷ್ಟು ಹೃದ್ರೋಗ ತಜ್ಞರು ಎಲ್ಲಿದ್ದಾರೆ? ಅದಕ್ಕೇ ತಾನೇ ಕೃತಕ ಬುದ್ಧಿಮತ್ತೆ?’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ಕಟ್ಟಿದ ಟ್ರೈಕಾಗ್ ಎಂಬ ಸಂಸ್ಥೆ ಹಿಡಿದ ದಾರಿ ನನಗೆ ಸರಿ ಅನ್ಸುತ್ತೆ. ದೂರದ ಕ್ಲಿನಿಕ್ಕಿನ ಇಸಿಜಿ ಅಂತರ್ಜಾಲದಲ್ಲಿ ಬರುತ್ತೆ, ಕಂಪ್ಯೂಟರ್ ಮೊದಲು ಓದುತ್ತೆ, ಆಮೇಲೆ ಪರಿಣತರು ಅದನ್ನ ನೋಡಿ ಉತ್ತರ ಕಳಿಸ್ತಾರೆ. ಸಾವಿರ ಇಸಿಜಿಗಳ ರಾಶಿಯಲ್ಲಿ ಅಪಾಯದ್ದನ್ನ ಮೇಲೆತ್ತಿ ಕೊಡೋಕೆ ಯಂತ್ರ ಇರಲಿ, ಬೇಕೇ ಬೇಕು. ಆದರೆ ಮೊದಲ ಇಸಿಜಿ ಸರಿಯಾಗಿದೆ ಅಂದ ಮಾತ್ರಕ್ಕೆ ಹೃದಯಾಘಾತ ಇಲ್ಲ ಅಂತ ಅರ್ಥ ಅಲ್ಲ. ನೋವು ಮುಂದುವರಿದರೆ ಮತ್ತೆ ತೆಗೀಬೇಕು, ಟ್ರೋಪೋನಿನ್ ಅಂತ ರಕ್ತ ಪರೀಕ್ಷೆ ಮಾಡಬೇಕು. ‘ಕಾಗದ ಸರಿ ಇದೆ, ಆದರೆ ಮನುಷ್ಯ ಸರಿ ಕಾಣ್ತಿಲ್ಲ’ ಅನ್ನೋದು ಎದುರಿಗೆ ನಿಂತವರಿಗೇ ಕಾಣೋದು. ಯಂತ್ರದ ಮೇಲ್ತುದಿಯಲ್ಲಿ ‘ನಾರ್ಮಲ್’ ಅಂತ ಅಚ್ಚಾಗಿ ಬಂದದ್ದನ್ನೇ ನಂಬಿ ಮನೆಗೆ ಕಳಿಸಿದರೆ, ಹೋದ ಜೀವಕ್ಕೆ ಯಾರನ್ನ ಕೇಳೋದು? ಯಂತ್ರಕ್ಕೆ ಹೆದರಿಕೆ ಇಲ್ಲ ನಿಜ, ಹೊಣೆಯೂ ಇಲ್ಲ.

ಇನ್ನೊಂದು ಮಾತು. ವಾಟ್ಸ್ಆಪ್‌ನಲ್ಲಿ ಇಸಿಜಿ ಕಳಿಸೋವಾಗ ರೋಗಿಯ ಹೆಸರು, ವಯಸ್ಸು, ಊರು ಎಲ್ಲ ಹೋಗುತ್ತೆ. ಜೀವ ಹೋಗೋ ಹೊತ್ತಲ್ಲಿ ಖಾಸಗಿತನ ನೋಡಿಕೊಂಡು ಕೂರೋಕಾಗಲ್ಲ, ಒಪ್ಪಿದೆ. ಆದರೆ ಆಮೇಲೆ? ಆ ಫೋಟೋ ಯಾರ ಯಾರ ಫೋನಿನ ಗ್ಯಾಲರಿಯಲ್ಲಿ ಎಷ್ಟು ವರ್ಷ ಇರುತ್ತೆ? ನಮ್ಮ ದೇಶದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯಿದೆ ಆಗಿದೆ. ಒಳ್ಳೇ ಮನಸ್ಸಿನ ವಾಟ್ಸ್ಆಪ್ ಗುಂಪುಗಳು ದಾರಿ ತೋರಿಸಿದವು, ಸರಿ. ಇನ್ನು ಮುಂದೆ ಅದಕ್ಕೆ ಸರಿಯಾದ, ಸುರಕ್ಷಿತ ವ್ಯವಸ್ಥೆ ಬೇಕು. ಒಬ್ಬಿಬ್ಬರು ಡಾಕ್ಟರುಗಳ ನಿದ್ದೆಗೇಡಿನ ಮೇಲೆ ಜಿಲ್ಲೆಗೆ ಜಿಲ್ಲೆಯೇ ನಿಲ್ಲಬಾರದು. ರಾತ್ರಿ ಉತ್ತರ ಕೊಡೋದು ಪುಣ್ಯದ ಕೆಲಸ ಆಗಿರಬಾರದು, ಸಂಬಳದ ಕೆಲಸ ಆಗಿರಬೇಕು.

ಹಾಗೇ ಕೆಳ ತುದಿಯೂ. ಹಿಂದೊಮ್ಮೆ ಮಲೆನಾಡಿನ ಕಡೆಯ ಒಂದು ಆಸ್ಪತ್ರೆಗೆ ನೆಂಟರೊಬ್ಬರನ್ನ ಕರೆದುಕೊಂಡು ಹೋಗಿದ್ದೆ. ಇಸಿಜಿ ಯಂತ್ರ ಇತ್ತು, ದಾನಿಗಳ ಹೆಸರು ದೊಡ್ಡದಾಗಿ ಬರೆದಿತ್ತು, ಮೇಲೆ ಚೆಂದದ ಕಸೂತಿ ಬಟ್ಟೆ ಹೊದಿಸಿತ್ತು. ಪೇಪರ್ ರೋಲ್ ಮಾತ್ರ ಮುಗಿದು ತಿಂಗಳಾಗಿತ್ತು! ತೆಗೆಯೋಕೆ ಬರೋ ಸಿಸ್ಟರ್ ಹಗಲು ಪಾಳಿಗೆ ಮಾತ್ರ. ಪುಣ್ಯಕ್ಕೆ ಅವತ್ತು ಅವರಿಗೆ ನಿಜವಾಗಲೂ ಗ್ಯಾಸ್ಟ್ರಿಕ್ಕೇ ಆಗಿತ್ತು. ಯಂತ್ರ ಕೊಡೋಕೆ ದಾನಿಗಳು ಸಿಗ್ತಾರೆ, ಉದ್ಘಾಟನೆಗೆ ಮಂತ್ರಿಗಳು ಸಿಗ್ತಾರೆ. ಪೇಪರ್ ರೋಲು, ಜೆಲ್ಲು, ಬ್ಯಾಟರಿ, ರಾತ್ರಿ ಪಾಳಿಗೆ ತರಬೇತಿ ಆದ ಒಬ್ಬ ಸಿಸ್ಟರ್ ಇವುಗಳಿಗೆ ಯಾರೂ ಟೇಪು ಕತ್ತರಿಸಲ್ಲ ನೋಡಿ.

ಕೊನೆಗೆ ನಮ್ಮ ಬ್ಲಾಗಿಗರ ಪಾಲಿಗೆ ಬರೋ ಮಾತು. ಆ 360 ನಿಮಿಷದ ಮೊದಲರ್ಧ ಆಸ್ಪತ್ರೆಯಲ್ಲಿ ಹೋಗಲ್ಲ, ಅಡುಗೆಮನೆಯಲ್ಲಿ ಹೋಗುತ್ತೆ. ಆ ಅರ್ಧವನ್ನ ಕಡಿಮೆ ಮಾಡೋಕೆ ಯಂತ್ರಕ್ಕಿಂತ ಭಾಷೆ ಬೇಕು. ವಾಚಿನ ಎಚ್ಚರಿಕೆ, ಲ್ಯಾಬಿನ ರಿಪೋರ್ಟು, ಡಿಸ್ಚಾರ್ಜ್ ಚೀಟಿ ಬಹುಪಾಲು ಇಂಗ್ಲಿಷಿನಲ್ಲೇ ಬರ್ತವೆ. ತಮ್ಮ ಹೃದಯದ ಬಗ್ಗೆ ತಾವೇ ಓದೋಕಾಗದೆ ಮಗನಿಗೆ ಫೋಟೋ ಕಳಿಸಿ ಅವನು ಮೀಟಿಂಗ್ ಮುಗಿಸೋ ತನಕ ಕಾಯೋ ಅಪ್ಪ ಅಮ್ಮಂದಿರು ಎಷ್ಟು ಜನ! ಕಂಪ್ಯೂಟರಿನಲ್ಲಿ ಕನ್ನಡ ಬರಲ್ಲ ಅಂತಿದ್ದ ಕಾಲದಲ್ಲಿ ಹಠ ಹಿಡಿದು ಯೂನಿಕೋಡ್‌ನಲ್ಲಿ ಬರೆಯೋಕೆ ಶುರು ಮಾಡಿದ ಜನ ನಾವು. ‘ಎದೆ, ದವಡೆ, ಎಡಗೈ, ಬೆನ್ನು, ಹೊಟ್ಟೆಯ ಮೇಲ್ಭಾಗ, ಇಲ್ಲೆಲ್ಲಾದರೂ ಹೊಸ ನೋವು, ಜೊತೆಗೆ ಬೆವರು, ಉಬ್ಬಸ ಬಂದರೆ ಕಾಯಬೇಡಿ, ಸೋಡಾ ಬೇಡ, 108ಕ್ಕೆ ಫೋನ್ ಮಾಡಿ, ಇಸಿಜಿ ಇರೋ ಕಡೆಗೇ ನೇರ ಹೋಗಿ’ ಅನ್ನೋ ಮಾತನ್ನ ನಮ್ಮ ನಮ್ಮ ಊರಿನ ಕನ್ನಡದಲ್ಲಿ ಬರೆಯೋಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಇನ್ನೊಂದು ಸಣ್ಣ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ನಾಲ್ಕೇ ಪ್ರಶ್ನೆ ಕೇಳಿ ಬನ್ನಿ. ರಾತ್ರಿ ಹೊತ್ತು ಇಸಿಜಿ ತೆಗೀತಾರಾ? ಅದನ್ನ ನೋಡಿ ಉತ್ತರ ಕೊಡೋರು ಯಾರು, ಎಷ್ಟು ನಿಮಿಷದಲ್ಲಿ? ಹೃದಯ ಜ್ಯೋತಿಯ ಇಂಜೆಕ್ಷನ್ ಫ್ರಿಜ್ಜಿನಲ್ಲಿ ಇದೆಯಾ? ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದೆ? ಜಗಳಕ್ಕಲ್ಲ, ತಿಳಿದುಕೊಳ್ಳೋಕೆ. ಉತ್ತರ ‘ಇದೆ’ ಅಂತಾದರೆ ಊರಲ್ಲಿ ನಾಲ್ಕು ಜನಕ್ಕೆ ಹೇಳಿ. ಯಾಕಂದ್ರೆ ಅಲ್ಲಿ ಎಲ್ಲ ಇದ್ದೂ, ಗೊತ್ತಿಲ್ಲದೆ ಅದೇ ಆಸ್ಪತ್ರೆಯ ಮುಂದೆಯೇ ಗಾಡಿ ಹಾಯಿಸಿಕೊಂಡು ಮೂರು ಗಂಟೆ ದೂರದ ದೊಡ್ಡ ಊರಿಗೆ ಹೋಗೋರಿದ್ದಾರೆ. ‘ಇಲ್ಲ’ ಅಂತಾದರೆ ಅದನ್ನ ಬರೀರಿ.

ನಿಮ್ಮ ಊರಿನ ಪರಿಸ್ಥಿತಿ ಹೇಗಿದೆ? ಕಾಮೆಂಟಿನಲ್ಲಿ ತಿಳಿಸಿ. ಆಸ್ಪತ್ರೆಯಲ್ಲಿ ಕೆಲಸ ಮಾಡೋ ಗೆಳೆಯ ಗೆಳತಿಯರು ಯಾರಾದರೂ ಓದ್ತಿದ್ದರೆ ರಾತ್ರಿ ಪಾಳಿಯ ನಿಮ್ಮ ಅನುಭವವನ್ನೂ ಬರೀರಿ, ಅದು ನನ್ನ ಈ ಉದ್ದನೆ ಕೊರೆತಕ್ಕಿಂತ ಹೆಚ್ಚು ಉಪಯೋಗ ಆಗುತ್ತೆ. ಏನಂತೀರಿ?